ನಡುಮಧ್ಯಾಹ್ನದ ಬಿಸಿಲಲ್ಲೇ ಟೆಲಿಫಿಲ್ಮ್: ನೆರಳಿನ ಅಳತೆ ಹಿಡಿದು ಮಾಡಿದ ಕೆಲಸ

"ಹತ್ತರ ಮೇಲೆ ಕ್ಯಾಮೆರಾ ಮುಚ್ಚಿಡಿ, ನಾಲ್ಕರ ಮೇಲೆ ತೆಗೀರಿ." ರಾಯಚೂರು ಕಡೆ ಬೇಸಿಗೆಯಲ್ಲಿ ಶೂಟಿಂಗ್ ಅಂದ್ರೆ ಯಾರನ್ನ ಕೇಳಿದ್ರೂ ಇದೇ ಉಪದೇಶ. ಮೇಲಿಂದ ಬೀಳೋ ಬಿಸಿಲಿಗೆ ಕಣ್ಣು ಗುಂಡಿ ಬೀಳುತ್ತೆ, ಮೂಗಿನ ನೆರಳು ಮೀಸೆ ಆಗುತ್ತೆ, ಹಿಂದಿನ ಹೊಲ ಸುಟ್ಟುಹೋಗುತ್ತೆ. ಮೂರೂ ನಿಜ. ಆದರೂ ಮಾನ್ವಿ-ಸಿರವಾರ ಭಾಗದ ಒಂದು ಒಣ ಉಪಕಾಲುವೆ ಮೇಲೆ, ಮೇ ಮೊದಲ ವಾರದಲ್ಲಿ, ಎಚ್‌ಎಂಐ ಅನ್ನೋ ದೊಡ್ಡ ಲೈಟ್ ಇಲ್ಲದೆ, ಜನರೇಟರ್ ಇಲ್ಲದೆ 24 ನಿಮಿಷದ ಟೆಲಿಫಿಲ್ಮ್ ಮುಗಿದಿದೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹನ್ನೊಂದರಿಂದ ಎರಡರ ನಡುವೆ ತೆಗೆದದ್ದು. ಗ್ರೇಡಿಂಗ್ (ಬಣ್ಣ ತಿದ್ದೋ ಕೆಲಸ) ಆದಮೇಲೆ ನೋಡಿದವರು ಮೊದಲು ಕೇಳಿದ್ದು "ಲೈಟ್ ಯಾವುದು ತರಿಸಿದ್ರಿ?" ಅಂತ. ಆ ಪ್ರಶ್ನೆಗೆ ಉತ್ತರ ಇದು.

ಕತೆ ಸಣ್ಣದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನೊಬ್ಬ ತೂಬಿನ ಕಟ್ಟೆ ಮೇಲೆ ಕೂತು ಇಡೀ ದಿನ ನೀರಿಗೆ ಕಾಯ್ತಾನೆ. ನೀರು ಬರಲ್ಲ. ಇಂಥ ಕತೆಗೆ ಎರಡೇ ದಾರಿ: ಮಾತು ತುಂಬೋದು, ಇಲ್ಲಾ ಹೊತ್ತು ಸರಿಯೋದನ್ನ ಕಣ್ಣಿಗೆ ಕಾಣಿಸೋದು. ಗೋಡೆ ಗಡಿಯಾರ, ಸೂರ್ಯನ ಕಡೆಗೆ ಟಿಲ್ಟ್, ಡಿಸಾಲ್ವ್ ನೋಡಿ ನೋಡಿ ಎಲ್ಲರಿಗೂ ಸಾಕಾಗಿದೆ. ನೆರಳು ಮಾತ್ರ ಪ್ರತಿ ಫ್ರೇಮಿನಲ್ಲೂ ಸುಮ್ಮನೆ ಬಿದ್ದಿರುತ್ತೆ, ಅದಕ್ಕೆ ಬಾಡಿಗೆಯೂ ಇಲ್ಲ. ಹಾಗಾಗಿ ಚಿತ್ರಕತೆಯ ಪ್ರತಿ ದೃಶ್ಯದ ಮುಂದೆ ಜಾಗ, ಪಾತ್ರ, ಪ್ರಾಪರ್ಟಿ ಜೊತೆಗೆ ಇನ್ನೊಂದು ಕಾಲಂ ಹಾಕಿದ್ವಿ: ನೆರಳು ಎಷ್ಟು ಅಡಿ, ಯಾವ ದಿಕ್ಕಿಗೆ.

ಲೆಕ್ಕ ಸುಲಭ. ನಮ್ಮ ಭಾಗ ಸುಮಾರು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶ. ಬಳ್ಳಾರಿ, ಕೊಪ್ಪಳದಲ್ಲಿ ಮೇ ಒಂದು-ಎರಡರ ಹೊತ್ತಿಗೆ, ರಾಯಚೂರು ಕಡೆ ಮೇ 5ರ ಆಸುಪಾಸಿಗೆ ಸೂರ್ಯ ನೆತ್ತಿ ಮೇಲೇ ಬರ್ತಾನೆ. ಮತ್ತೆ ಆಗಸ್ಟ್ ಎರಡನೇ ವಾರದ ಆಜುಬಾಜು ಇನ್ನೊಂದು ಸಲ. ಆದರೆ ನೆತ್ತಿಗೆ ಬರೋದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮಾನ್ವಿ ಇರೋದು 77ರಲ್ಲಿ. ಹಾಗಾಗಿ ಮೇ ಮೊದಲ ವಾರ 12 ಗಂಟೆ 18-20 ನಿಮಿಷಕ್ಕೆ ನೆರಳು ಕಾಲಡಿ ಸೇರುತ್ತೆ. ಹನ್ನೆರಡಕ್ಕೆ ಸರಿಯಾಗಿ ಶಾಟ್ ಇಟ್ಟುಕೊಂಡ್ರೆ ಅರ್ಧ ಅಡಿ ನೆರಳು ಇನ್ನೂ ಹೊರಗಿರುತ್ತೆ.

ಐದೂವರೆ ಅಡಿ ಮನುಷ್ಯನ ನೆರಳು ಬೆಳಿಗ್ಗೆ 7.20ಕ್ಕೆ ಹದಿನಾರು ಅಡಿ ಮೇಲಿರುತ್ತೆ. 8.20ಕ್ಕೆ ಎಂಟೂವರೆ, 9.20ಕ್ಕೆ ಹತ್ತಿರ ಹತ್ತಿರ ಅವನಷ್ಟೇ ಉದ್ದ, 10.20ಕ್ಕೆ ಮೂರು ಅಡಿ, 11.20ಕ್ಕೆ ಒಂದೂವರೆ ಅಡಿಗೂ ಕಮ್ಮಿ. ಮೊದಲ ಒಂದು ಗಂಟೆಯಲ್ಲೇ ಎಂಟಡಿ ಕರಗಿಹೋಗುತ್ತೆ, ಆಮೇಲೆ ನಿಧಾನ. ಅಂದ್ರೆ ಎಲ್ಲರೂ ಹೊಗಳೋ ಬೆಳಗಿನ ಹೊತ್ತಿನಲ್ಲೇ ಕಂಟಿನ್ಯುಟಿ (ಶಾಟಿಂದ ಶಾಟಿಗೆ ಹೊಂದಿಕೆ) ಕೆಡೋದು ಜಾಸ್ತಿ. ಹನ್ನೊಂದೂವರೆಯಿಂದ ಒಂದು ಹತ್ತರವರೆಗೆ ನೆರಳು ಎರಡೂ ಕಡೆ ಒಂದೊಂದು ಅಡಿ ಆಡುತ್ತೆ ಅಷ್ಟೇ. ಒಂದೇ ದೃಶ್ಯದ ಏಳೆಂಟು ಶಾಟ್ ಆರಾಮಾಗಿ ಕೂಡಿಕೊಳ್ಳುತ್ತವೆ. ನಡುಮಧ್ಯಾಹ್ನವೇ ಕಂಟಿನ್ಯುಟಿಗೆ ಒಳ್ಳೆ ಹೊತ್ತು ಅಂದಾಗ ನಕ್ಕವರು ಈ ಅಳತೆಯನ್ನ ಒಂದು ಕೋಲು ನೆಟ್ಟು ನೋಡಬಹುದು.

ಕತೆಗೆ ಇದು ಕೂಡಿದ್ದು ಹೀಗೆ. ಕಾಲುವೆ ಹೆಚ್ಚುಕಮ್ಮಿ ದಕ್ಷಿಣೋತ್ತರ ಹರಿಯುತ್ತೆ, ರೈತನ ಹೊಲ ಪಶ್ಚಿಮಕ್ಕೆ. ಬೆಳಿಗ್ಗೆ ಅವನ ನೆರಳು ಅವನದೇ ಬಿರುಕು ಬಿಟ್ಟ ಎರೆಹೊಲದ ಮೇಲೆ ಉದ್ದಕ್ಕೆ ಬೀಳುತ್ತೆ. ಮಧ್ಯಾಹ್ನ ಮಗ ಬಂದು "ಹೊಲ ಲಾವಣಿಗೆ (ಗೇಣಿಗೆ) ಹಾಕೋಣ" ಅನ್ನೋ ಹೊತ್ತಿಗೆ ನೆರಳೇ ಇಲ್ಲ. ಸಂಜೆ ಅದೇ ನೆರಳು ಪೂರ್ವಕ್ಕೆ ಹೊರಳಿ, ಕಾಲುವೆ ದಾಟಿ, ಬೋರ್ ಹಾಕಿಸಿಕೊಂಡ ಪಕ್ಕದವನ ಹಸಿರಿನ ಮೇಲೆ ಹೋಗಿ ಬೀಳುತ್ತೆ. ಇದಕ್ಕೆ ಸಂಭಾಷಣೆ ಬರೆದಿಲ್ಲ, ಬೇಕಾಗಲೂ ಇಲ್ಲ. ಕಾಲುವೆ ಪೂರ್ವ-ಪಶ್ಚಿಮ ಹರಿಯೋ ಜಾಗದಲ್ಲಿ ಕ್ಯಾಮೆರಾ ಇಟ್ಟಿದ್ರೆ ಇಡೀ ಉಪಾಯ ಬಿದ್ದುಹೋಗ್ತಿತ್ತು. ಲೊಕೇಶನ್ ನೋಡೋಕೆ ಹೋದಾಗ ಮೊದಲು ತೆಗೆಯಬೇಕಾದ್ದು ದಿಕ್ಸೂಚಿ, ಲೆನ್ಸ್ ಆಮೇಲೆ.

ಈಗ ಮುಖದ ಮಾತು. ಇಲ್ಲಿ ಹಣ ಸುರಿಯೋಕೆ ದಾರಿ ಬಹಳ. ಬೆಳ್ಳಿ ರಿಫ್ಲೆಕ್ಟರ್ ಹಿಡಿದ್ರೆ ವಯಸ್ಸಾದ ಕಲಾವಿದರ ಕಣ್ಣಲ್ಲಿ ನೀರು ಬರುತ್ತೆ, ಸಂಭಾಷಣೆ ಮರೆತುಹೋಗುತ್ತೆ. ಥರ್ಮೋಕೋಲ್ ಗಾಳಿಗೆ ಪಕ್ಕದ ಹಳ್ಳಿಗೆ ಹೋಗುತ್ತೆ. ನೆತ್ತಿ ಮೇಲೆ ಬಟ್ಟೆ ಕಟ್ಟಲೇಬೇಕು, ಪ್ರಶ್ನೆ ಯಾವ ಬಟ್ಟೆ ಅನ್ನೋದು. ಪೆಂಡಾಲಿನ ಬಿಳಿ ಪಾಲಿಯೆಸ್ಟರ್ ಮುಖಕ್ಕೆ ನೀಲಿ ಛಾಯೆ ಕೊಡ್ತು. ಗೊಬ್ಬರದ ಚೀಲ ಬಿಚ್ಚಿ ಹೊಲಿದದ್ದು ಅಗ್ಗ, ಬೆಳಕೂ ಚೆನ್ನ, ಆದರೆ ಗಾಳಿಗೆ ಪರಪರ ಸದ್ದು. ಸ್ಥಳದಲ್ಲೇ ಮಾತು ಹಿಡಿಯೋ ಸಿಂಕ್ ಸೌಂಡ್ ಅಲ್ಲಿಗೆ ಮುಗೀತು. ಕೊನೆಗೆ ನಿಂತದ್ದು ಗಂಜಿ ತೆಗೆದ ಬಿಳಿ ಮಲ್ ಬಟ್ಟೆ. ಒಂದು ಪದರ ಸುಮಾರು ಒಂದು ಸ್ಟಾಪ್ ತಿನ್ನುತ್ತೆ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ ಇಳಿಯೋದು), ಎರಡು ಪದರ ಎರಡು ಸ್ಟಾಪ್ ಹತ್ತಿರ. 12ಕ್ಕೆ 12 ಅಡಿ, ಒಂದಿಂಚಿನ ಜಿಐ ಪೈಪಿನ ಚೌಕಟ್ಟು, ನಾಲ್ಕು ಮೂಲೆಗೂ ಮರಳು ತುಂಬಿದ ಚೀಲ ಎರಡೆರಡು. ಗಾಳಿ ಎದ್ದರೆ ಅದೂ ಸಾಲದು, ಮೂಲೆಗೊಬ್ಬರು ಹಗ್ಗ ಹಿಡಿದಿರಬೇಕು. ಬಟ್ಟೆ, ಪೈಪು, ಹೊಲಿಗೆ ಸೇರಿ ಐದು ಸಾವಿರದ ಒಳಗೆ ಆಯ್ತು ಅಂತ ನೆನಪು.

ಬಟ್ಟೆ ಕಟ್ಟಿದ ಕೂಡಲೇ ಇನ್ನೊಂದು ತಾಪತ್ರಯ. ಮುಖ ಒಂದೆರಡು ಸ್ಟಾಪ್ ಇಳಿಯುತ್ತೆ, ಹಿಂದಿನ ಹೊಲ ಬಿಸಿಲಲ್ಲೇ ಉಳಿಯುತ್ತೆ. ಮುಖಕ್ಕೆ ಎಕ್ಸ್‌ಪೋಸ್ ಮಾಡಿದ್ರೆ ಹಿನ್ನೆಲೆ ಬೆಳ್ಳಗೆ. ನಾವು ಎರೆಭೂಮಿ ಹುಡುಕಿದ್ದಕ್ಕೆ ಅರ್ಧ ಕಾರಣ ಇದು. ಕಪ್ಪು ಮಣ್ಣು ಬೆಳಕು ನುಂಗುತ್ತೆ, ಹಿನ್ನೆಲೆ ತಾನಾಗೇ ಕೆಳಗಿರುತ್ತೆ. ಇದನ್ನೇ ಸಂಡೂರು ಕಡೆಯ ಕೆಂಪು ನೆಲದಲ್ಲಿ ಪರೀಕ್ಷೆಗೆ ತೆಗೆದಾಗ ಗದ್ದದ ಕೆಳಗೆ ಕುಂಕುಮ ಬಳಿದ ಹಾಗೆ ಕೆಂಪು ಬಂತು. ವೈಟ್ ಬ್ಯಾಲೆನ್ಸ್ ತಿದ್ದಿದ್ರೆ ಆಕಾಶ ಹಸಿರಿಗೆ ತಿರುಗ್ತು. ಗಂಗಾವತಿ ಗದ್ದೆಯೊಳಗೆ ನಿಲ್ಲಿಸಿದ್ರೆ ಮುಖ ಕಾಮಾಲೆ ಬಂದವರ ಹಾಗೆ. ಒಂದೊಂದು ನೆಲ ಒಂದೊಂದು ಬಣ್ಣ ಎತ್ತಿ ಮುಖಕ್ಕೆ ಹಾಕುತ್ತೆ, ಅದನ್ನ ಕತೆಗೆ ಬೇಕಾದ ಹಾಗೆ ಆರಿಸಿಕೊಳ್ಳಬೇಕು. ಮಸಾರಿಯಲ್ಲಿ, ಅಂದ್ರೆ ಕೆಂಪು ನೆಲದಲ್ಲಿ, ಸಿಟ್ಟಿನ ದೃಶ್ಯ ಇದ್ದವರಿಗೆ ಆ ಕೆಂಪು ಪುಕ್ಕಟೆ ಲಾಭ.

ಎರೆಭೂಮಿಯ ತೊಂದರೆ ಒಂದೇ: ಕೆಳಗಿಂದ ಬೆಳಕು ಬರಲ್ಲ, ಕಣ್ಣಿನ ಗುಂಡಿ ತುಂಬಲ್ಲ. ಅದಕ್ಕೆ ನೆಲ್ಲುಹುಲ್ಲು. ಫ್ರೇಮಿನ ಕೆಳಗಂಚಿನಿಂದ ಹೊರಗೆ, ಕಲಾವಿದನ ಮುಂದೆ ಹತ್ತಡಿ ಅಗಲ, ಎಂಟಡಿ ಉದ್ದ, ನಾಲ್ಕು ಬೆರಳು ದಪ್ಪ. ಬೆಳಕು ಮೆತ್ತಗೆ, ಬಂಗಾರದ ಬಣ್ಣ, ಕಣ್ಣು ಕುಕ್ಕಲ್ಲ. ಕೊಯ್ಲಾಗಿ ಒಂದು ತಿಂಗಳಾದ ಹುಲ್ಲು ಬೇಕು. ಹಸಿ ಹುಲ್ಲು ಹಸಿರು ಹೊಡೆಯುತ್ತೆ, ಹೋದ ವರ್ಷದ್ದು ಬೂದಿಬಣ್ಣ. ಕಲಾವಿದನ ಪಾದದಿಂದ ಮೂರಡಿ ಬಿಟ್ಟು ಹರಡಿ, ಇಲ್ಲಾ ಸರಸರ ಸದ್ದು ಮೈಕಿಗೆ ಹೋಗುತ್ತೆ. ತಾಡಪತ್ರಿ ಮೇಲೆ ಹರಡಿದ್ರೆ ಶಾಟ್ ಬದಲಾದಾಗ ಎಳೆದು ಸರಿಸಬಹುದು. ಒಂದು ಟ್ರಾಲಿ ಹುಲ್ಲಿಗೆ ಒಂದೂವರೆ ಸಾವಿರವೋ ಎರಡೋ ಕೊಟ್ಟದ್ದು. ಎತ್ತುಗಳಿರೋ ದೃಶ್ಯದಲ್ಲಿ ಮಾತ್ರ ಹುಷಾರು, ಟೇಕ್ ನಡುವೆ ಬಂದು ರಿಫ್ಲೆಕ್ಟರನ್ನೇ ಮೇಯ್ತವೆ.

ಇಷ್ಟಾದ ಮೇಲೂ ಕಣ್ಣಿನೊಳಗೆ ಒಂದು ಚುಕ್ಕೆ ಹೊಳಪು ಬೇಕು. ಅದು ಎಲ್ಲಿಂದ ಬಂತು ಅಂತ ಇಲ್ಲಿ ಹೇಳಲ್ಲ. ಪ್ರತಿ ಮನೆಯ ಅಡುಗೆಮನೆಯಲ್ಲಿರೋ ವಸ್ತು, ನೂರು ರೂಪಾಯಿ ಒಳಗೆ. ಹಿಡಿಯೋ ಕೋನದಲ್ಲಿ ಇದೆ ಎಲ್ಲ.

ಎಕ್ಸ್‌ಪೋಶರ್ ಲೆಕ್ಕ ಗೊತ್ತಿರೋದೇ, ಆದ್ರೂ ಒಂದು ಸಲ ಕೂಡಿಸಿ ನೋಡಿ. ಬೇಸ್ ಐಎಸ್‌ಒ 800, 25 ಫ್ರೇಮ್, ಶಟರ್ 1/50. ನೇರ ಬಿಸಿಲಿಗೆ ಲೆನ್ಸಿನ ಬಾಯಿ ಎಫ್/64ರಷ್ಟು ಕಿರಿದಾಗಬೇಕು. ಎಫ್/4ಕ್ಕೆ ತರೋಕೆ ಎಂಟು ಸ್ಟಾಪ್ ತಗ್ಗಿಸಬೇಕು, ಅಂದ್ರೆ ಲೆನ್ಸ್ ಮುಂದೆ ಬೆಳಕು ತಡೆಯೋ ಫಿಲ್ಟರ್, 2.4ರ ಎನ್‌ಡಿ. ವೇರಿಯೇಬಲ್ ಎನ್‌ಡಿಯನ್ನ ಅಷ್ಟು ದೂರ ತಿರುಗಿಸಿದ್ರೆ ಫ್ರೇಮಿನ ನಡುವೆ ಕಪ್ಪು ಗುಣಾಕಾರ ಚಿಹ್ನೆ ಮೂಡುತ್ತೆ, ವೈಡ್ ಲೆನ್ಸಿನಲ್ಲಂತೂ ಖಂಡಿತ. ಅಗ್ಗದ ಫಿಕ್ಸೆಡ್ ಎನ್‌ಡಿ ಹಾಕಿದ್ರೆ ಇನ್ನೊಂದು ರೋಗ: ಕಣ್ಣಿಗೆ ಕಾಣೋ ಬೆಳಕು ತಡೆಯುತ್ತೆ, ಇನ್‌ಫ್ರಾರೆಡ್ ಬಿಟ್ಟುಬಿಡುತ್ತೆ. ಸೊಸೆಯ ಪಾತ್ರದ ಕಪ್ಪು ಸಿಂಥೆಟಿಕ್ ಕುಪ್ಪಸ ಮಾನಿಟರಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದು ಹಾಗೆ. ಗ್ರೇಡಿಂಗಿನಲ್ಲಿ ಆ ಕಂದು ತೆಗೆಯೋಕೆ ಹೋದ್ರೆ ಕೂದಲೂ ಚರ್ಮವೂ ಜೊತೆಗೇ ಬದಲಾಗ್ತವೆ. ಐಆರ್ ತಡೆಯೋ ಎನ್‌ಡಿಯನ್ನೇ ಬಾಡಿಗೆಗೆ ತನ್ನಿ, ನಮಗೆ ದಿನಕ್ಕೆ ಆರೇಳುನೂರು ಬಿತ್ತು. ಉಳಿತಾಯ ಬೇರೆ ಕಡೆ ಮಾಡಿ.

ಬಿಳಿ ಅಂಗಿ, ಬಿಳಿ ಪಂಚೆ ನಮ್ಮ ರೈತನ ಉಡುಪು, ಬದಲಾಯಿಸೋ ಹಾಗಿಲ್ಲ. ನೀಲಿ ಹಾಕಿ ಒಗೆದ ಬಿಳಿ ಬಿಸಿಲಲ್ಲಿ ಕ್ಲಿಪ್ ಆಗುತ್ತೆ, ಅಂದ್ರೆ ಮಡಿಕೆಯ ವಿವರ ಕಳೆದು ಬರೀ ಬೆಳ್ಳಗಾಗುತ್ತೆ. ಹತ್ತು ಲೀಟರ್ ಬಿಸಿನೀರಿಗೆ ನೂರು ಗ್ರಾಂ ಚಹಾಪುಡಿ ಕುದಿಸಿ ಸೋಸಿ, ಹಿಡಿ ಉಪ್ಪು ಹಾಕಿ, ಕಾಲುಗಂಟೆ ಮುಳುಗಿಸಿ. ಕ್ಯಾಮೆರಾಗೆ ಬಿಳಿಯಾಗೇ ಕಾಣುತ್ತೆ, ಅರ್ಧ ಸ್ಟಾಪ್‌ಗೂ ಹೆಚ್ಚು ಇಳಿಯುತ್ತೆ. ಎರಡು ಜೊತೆ ಒಟ್ಟಿಗೇ ಅದ್ದಬೇಕು, ಬೇರೆ ಬೇರೆ ದಿನ ಅದ್ದಿದ್ರೆ ಬಣ್ಣ ಕೂಡಲ್ಲ.

ಶಾಖಕ್ಕೆ ಕ್ಯಾಮೆರಾ ನಿಲ್ಲೋದು ಗೊತ್ತಿರೋ ಮಾತು. 40 ಡಿಗ್ರಿ ದಾಟಿದ ಮೇಲೆ ಸಣ್ಣ ಮಿರರ್‌ಲೆಸ್ ಬಾಡಿ 4ಕೆಯಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಕೈ ಎತ್ತುತ್ತೆ. ಬಿಳಿ ಕೊಡೆ, ಸ್ಕ್ರೀನನ್ನ ಬಾಡಿಯಿಂದ ಹೊರಗೆ ತೆರೆದಿಡೋದು, ಟೇಕ್ ನಡುವೆ ಪವರ್ ಆಫ್, ಇಷ್ಟೇ ಸಾಕು. ಐಸ್ ಪ್ಯಾಕ್ ಬೇಡ. ಒಳಗೆ ಹನಿ ಕಟ್ಟುತ್ತೆ.

ಶಬ್ದಕ್ಕೆ ಬಂದ್ರೆ ಕಾಲರಿನೊಳಗಿನ ಲ್ಯಾಪೆಲ್ ಮೈಕು ಬೆವರಿಗೆ ಒಂದೇ ಗಂಟೆಯಲ್ಲಿ ಮಂಕಾಗುತ್ತೆ. ರುಮಾಲಿನ ಮುಂದಿನ ಮಡಿಕೆಯಲ್ಲಿ ಕೂರಿಸಿದ್ದು ಗೆದ್ದಿತು. ಬಟ್ಟೆ ಉಜ್ಜೋ ಸದ್ದಿಲ್ಲ, ತಲೆ ಯಾವ ಕಡೆ ತಿರುಗಿದ್ರೂ ಬಾಯಿಂದ ದೂರ ಅಷ್ಟೇ. ವಯರು ಬೆನ್ನ ಮೇಲೆ, ಮೈಕ್ರೋಪೋರ್ ಟೇಪು.

ಒಂದೆರಡು ಅಡ್ಡದಾರಿ ಪ್ರಯೋಗ. ತೂಬಿನ ಕಂಬದ ನೆರಳಿನ ಟೈಮ್‌ಲ್ಯಾಪ್ಸ್: ಐದು ಸೆಕೆಂಡಿಗೊಂದು ಫ್ರೇಮ್, ಒಂದು ಗಂಟೆಗೆ 720 ಫ್ರೇಮ್, ತೆರೆ ಮೇಲೆ 29 ಸೆಕೆಂಡು. ಚೆಂದ ಬಂತು. ಚಿತ್ರದೊಳಗೆ ಇಟ್ಟು ನೋಡಿದ್ರೆ ಇಲಾಖೆಯ ಸಾಕ್ಷ್ಯಚಿತ್ರದ ಹಾಗೆ ಕಂಡಿತು, ತೆಗೆದುಹಾಕಿದ್ದು. ನೆರಳು ಸರಿಯೋದು ಕಾಣಬಾರದು, ಸರಿದದ್ದು ಗೊತ್ತಾಗಬೇಕು.

ಇನ್ನೊಂದು ಕನ್ನಡಿ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ಹಿಂದಿ ಚಿತ್ರ 'ಕಾಗಜ್ ಕೆ ಫೂಲ್'ಗೆ ಕನ್ನಡಿಗಳಿಂದ ಬಿಸಿಲನ್ನ ಸ್ಟುಡಿಯೋದೊಳಗೆ ತಿರುಗಿಸಿ ಬೆಳಕಿನ ಕೋಲು ನಿಲ್ಲಿಸಿದ್ದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ರೈತನ ಮನೆಯ ಕತ್ತಲೆ ಪಡಸಾಲೆಗೆ ಅದನ್ನೇ ಮಾಡಿದ್ದು. ಬಾಗಿಲ ಹೊರಗೆ ಎರಡಡಿ-ಮೂರಡಿ ಕಪಾಟಿನ ಕನ್ನಡಿ, ಒಳಗೆ ಗೋಡೆಗೆ ಹೊಡೆದ ಬೆಳಕು, ಗೋಡೆಯಿಂದ ಮುಖಕ್ಕೆ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯೋದರಿಂದ ಇಪ್ಪತ್ತಡಿ ದೂರದ ಗೋಡೆ ಮೇಲೆ ಬೆಳಕು ನಾಲ್ಕಿಂಚು ಓಡುತ್ತೆ. ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ, ಪ್ರತಿ ಟೇಕಿಗೆ ಮೊದಲು ಒಬ್ಬ ಹುಡುಗ ಕನ್ನಡಿ ತಿದ್ದಬೇಕು. ಮನೆಯೊಳಗಿನ ದೃಶ್ಯಕ್ಕೆ ಲೈಟ್ ಖರ್ಚು ಸೊನ್ನೆ. ಗೋಡೆಗೆ ತಿಳಿನೀಲಿ ಸುಣ್ಣ ಇದ್ದದ್ದು ಒಳ್ಳೇದೇ ಆಯ್ತು, ಹೊರಗಿನ ಹುಲ್ಲಿನ ಬಣ್ಣಕ್ಕೆ ಎದುರು ನಿಂತಿತು.

ಹೊತ್ತು ಉಳಿಸೋ ಒಂದು ಮೋಸವನ್ನೂ ಹೇಳಿಬಿಡ್ತೀನಿ. 12.20ರ ಆಚೆ-ಈಚೆ ನೆರಳು ಅಳತೆಯಲ್ಲಿ ಸರಿಸಮ. 9.40ಕ್ಕೆ ತಪ್ಪಿದ ಶಾಟನ್ನ ಮೂರಕ್ಕೆ ತೆಗೆದು ಎಡಿಟಿಂಗಿನಲ್ಲಿ ಎಡಬಲ ತಿರುಗಿಸಿದ್ರೆ ಯಾರಿಗೂ ತಿಳಿಯಲ್ಲ. ಕ್ಲೋಸಪ್ಪಿಗೆ, ಖಾಲಿ ಹೊಲಕ್ಕೆ ಮಾತ್ರ. ಮೂಗುಬೊಟ್ಟು, ಅಂಗಿಯ ಗುಂಡಿ, ಸೆರಗು, ತೂಬಿನ ಮೇಲೆ ಬರೆದ ನಂಬರು, ಇವಿಷ್ಟು ಫ್ರೇಮಿನಲ್ಲಿ ಇರಬಾರದು. ಮಧ್ಯಾಹ್ನದ ಮೇಲೆ ಧೂಳು ಎದ್ದಿರುತ್ತೆ, ಕಾಂಟ್ರಾಸ್ಟ್ ಸ್ವಲ್ಪ ಏರಿಸಿಕೊಳ್ಳಿ.

ಒಟ್ಟು ಖರ್ಚು ಒಂದು ಲಕ್ಷ ನಲವತ್ತು ಸಾವಿರದ ಸುತ್ತಮುತ್ತ. ಇದರಲ್ಲಿ ಊಟ, ಮಜ್ಜಿಗೆ, ಗಾಡಿ ಬಾಡಿಗೆಯೇ ಮೂರನೇ ಒಂದು ಪಾಲು. ಲೈಟು, ಜನರೇಟರ್, ಬೆಂಗಳೂರಿಂದ ಜೊತೆಗೆ ಬರೋ ಹುಡುಗರ ಬಾಟಾ ಸೇರಿಸಿ ಮೊದಲು ಹಾಕಿಸಿಕೊಂಡ ಅಂದಾಜು ಮೂರೂವರೆ ಮೀರಿತ್ತು. ಒಂದು ವಾಹಿನಿಯವರು ನಲವತ್ತು ಸೆಕೆಂಡಿನ ಮೊದಲ ಶಾಟನ್ನ ಹತ್ತಕ್ಕೆ ಇಳಿಸಿ ಅಂದ್ರು. ಇಳಿಸಿಲ್ಲ. ಆ ಶಾಟಿನಲ್ಲಿ ನೆರಳಿನ ತುದಿಯಿಂದ ಮನುಷ್ಯನ ಕಾಲಿನವರೆಗೆ ಕಣ್ಣು ನಡೆದು ಬರೋಕೆ ಅಷ್ಟು ಹೊತ್ತು ಬೇಕು.

ಇದನ್ನ ಆಗಸ್ಟಿನಲ್ಲಿ ಮಾಡೋರು ಎರಡು ಬದಲಾವಣೆ ಮಾಡಿಕೊಳ್ಳಿ. ನೆತ್ತಿ ಹೊತ್ತು ಏಳೆಂಟು ನಿಮಿಷ ತಡ, 12.27ರ ಹತ್ತಿರ. ಮೋಡ ಬಂದು ಹೋಗುತ್ತೆ, ಹಾಗಾಗಿ ಒಂದೊಂದು ಶಾಟನ್ನ ಬಿಸಿಲಲ್ಲೊಮ್ಮೆ ಮೋಡದಲ್ಲೊಮ್ಮೆ ತೆಗೆದಿಟ್ಟುಕೊಳ್ಳಬೇಕು. ಕಾಲುವೆಗೆ ನೀರು ಬಿಟ್ಟಿದ್ರೆ ಹುಲ್ಲು ಬೇಕಾಗಲ್ಲ, ನೀರಿನ ಬೆಳಕೇ ಗದ್ದಕ್ಕೆ ಬಂದು ಆಡುತ್ತೆ. ಆದರೆ ಆಗ ಕತೆ ಬೇರೆ ಬರೀಬೇಕು.