ಮಲೆನಾಡಿನ ಮಳೆಯಲ್ಲಿ ಮುಟ್ಟಿನ ಆರೈಕೆ

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟು ಶುರುವಾದ ದಿನಕ್ಕೊಂದು ಚುಕ್ಕೆ ಇಡಿ. ಆರೈಕೆ ಅಲ್ಲಿಂದಲೇ ಆರಂಭ. ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಗೆ ಎಷ್ಟು ದಿನವೋ ಅದೇ ನಿಮ್ಮ ಋತುಚಕ್ರ. ದೊಡ್ಡವರಿಗೆ 21ರಿಂದ 35 ದಿನ. ಮೈನೆರೆದ ಹೊಸತರಲ್ಲಿ ಹುಡುಗಿಯರಿಗೆ 45 ದಿನದವರೆಗೂ ಹೋಗಬಹುದು. ಚುಕ್ಕೆಯ ಪಕ್ಕ, ಸ್ರಾವ ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಬಟ್ಟೆ ಅಥವಾ ಪ್ಯಾಡ್ ಬದಲಿಸಿದಿರಿ ಎಂದೂ ಬರೆದಿಡಿ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದಿರುವುದೇ ದೊಡ್ಡ ತಲೆನೋವು. ಯಾರ ಕಣ್ಣಿಗೂ ಬೀಳದಿರಲಿ ಎಂದು ಲಂಗದಡಿ ಮುಚ್ಚಿ ಒಣಹಾಕಿದರೆ ಗಾಳಿಯಾಡದೆ ಮುಗ್ಗಲು ಹಿಡಿಯುತ್ತದೆ. ಆ ಹಸಿ ಬಟ್ಟೆಯನ್ನೇ ಕಟ್ಟಿಕೊಂಡರೆ ತೊಡೆಸಂದಿಯಲ್ಲಿ ಕಜ್ಜಿ, ತುರಿಕೆ ಕಟ್ಟಿಟ್ಟ ಬುತ್ತಿ. ಆದ್ದರಿಂದ ಮಳೆಗಾಲಕ್ಕೆ ಒಬ್ಬರಿಗೆ ಹತ್ತು-ಹನ್ನೆರಡು ಬಟ್ಟೆ ಇರಲಿ, ಬೇಸಿಗೆಗೆ ಆರೆಂಟು ಸಾಕು. ಹಳೆಯ ಹತ್ತಿ ಸೀರೆ ಅಥವಾ ಪಂಚೆಯದಾದರೆ ಒಳ್ಳೆಯದು. ನೈಲಾನ್, ಪಾಲಿಯೆಸ್ಟರ್ ಹೀರುವುದಿಲ್ಲ. ದಪ್ಪಕ್ಕೆ ಹಲವು ಪದರ ಸೇರಿಸಿ ಹೊಲಿಯಬೇಡಿ, ಒಳಪದರ ಒಣಗುವುದೇ ಇಲ್ಲ. ಒಂಟಿ ಪದರದ ಅಗಲ ಬಟ್ಟೆಯನ್ನು ಬಳಸುವಾಗ ಮಡಿಸಿಕೊಳ್ಳಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ, ಸ್ರಾವ ಕಡಿಮೆ ಇದ್ದರೂ ಸರಿ.

ಒಗೆಯುವಾಗ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ರಕ್ತ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ, ಕಲೆ ಬಿಡುವುದಿಲ್ಲ. ಅರ್ಧ ಗಂಟೆ ನೆನೆಸಿ ಹಿಂಡಿ, ಸೋಪು ಹಾಕಿ ತಿಕ್ಕಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಉಳಿದ ಸೋಪೂ ಚರ್ಮ ಉರಿಸುತ್ತದೆ. ಕಲೆ ಹೋದ ಮೇಲೆ ಹಂಡೆಯ ಕುದಿಯುವ ನೀರನ್ನು ಬಕೆಟ್‌ಗೆ ತೋಡಿಕೊಂಡು ಹತ್ತು ನಿಮಿಷ ಮುಳುಗಿಸಿಡಿ. ಮಳೆ ಹೊಳವಾಗಿ ಬಿಸಿಲು ಬಂದರೆ ಬಿಡಬೇಡಿ, ಅಂಗಳಕ್ಕೆ ಹಾಕಿ. ಬಿಸಿಲಿಗೆ ಸಮ ಯಾವುದೂ ಇಲ್ಲ. ಹೊಳವೇ ಆಗದ ದಿನಗಳಲ್ಲಿ ಜಗಲಿಯ ಹಗ್ಗಕ್ಕೆ ಬಿಡಿಸಿ ಹಾಕಿ, ಎರಡು ಬಟ್ಟೆಯ ನಡುವೆ ಗೇಣು ಜಾಗ ಬಿಡಿ. ಆಮೇಲೆ ಬಚ್ಚಲೊಲೆಯ ಹತ್ತಿರ ಒಯ್ಯಿರಿ. ಸೌದೆ ಉರಿಯುವಾಗ ಹಾಕಿದರೆ ಹೊಗೆ, ಮಸಿ ಕೂರುತ್ತದೆ. ಬರೀ ಕೆಂಡ ಉಳಿದಾಗ ಹಾಕಿ. ಕೊನೆಗೆ ಎರಡೂ ಬದಿಗೆ ಇಸ್ತ್ರಿ, ಹಬೆ ಏಳುವುದು ನಿಲ್ಲುವವರೆಗೆ. ಇಸ್ತ್ರಿಯ ಬಿಸಿ ಪೂರ್ತಿ ಆರಿದ ಮೇಲೆ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ: ತಣ್ಣಗೆ ತಾಗಿದರೆ ಒಳಗಿನ್ನೂ ಪಸೆ ಇದೆ. ಹತ್ತಿ ಚೀಲದಲ್ಲಿಡಿ, ಪ್ಲಾಸ್ಟಿಕ್ ಕವರ್ ಬೇಡ.

ಇಷ್ಟೆಲ್ಲ ಆಗದು ಎನ್ನುವವರಿಗೆ ಮಳೆಗಾಲದ ನಾಲ್ಕು ತಿಂಗಳು ಪ್ಯಾಡ್ ಅಥವಾ ಕಪ್ (ಯೋನಿಯೊಳಗೆ ಇಟ್ಟುಕೊಂಡು ಸ್ರಾವ ಹಿಡಿಯುವ ಪುಟ್ಟ ಮೆತ್ತನೆ ಬಟ್ಟಲು) ಮೇಲು. ಕಪ್ ಒಣಹಾಕುವ ರಗಳೆಯೇ ಇಲ್ಲ. 12 ಗಂಟೆಯೊಳಗೆ ಖಾಲಿ ಮಾಡಿ ತೊಳೆದು ಹಾಕಿಕೊಳ್ಳಬೇಕು, ಮುಟ್ಟು ಮುಗಿದ ಮೇಲೆ ಐದು ನಿಮಿಷ ಕುದಿಸಿಡಬೇಕು. ಪ್ಯಾಡನ್ನು ಹಳ್ಳಕ್ಕೆ ಎಸೆಯುವುದೂ ಬಚ್ಚಲೊಲೆಗೆ ಹಾಕುವುದೂ ತಪ್ಪು, ಪ್ಲಾಸ್ಟಿಕ್ ಹೊಗೆ ಮನೆಯೊಳಗೇ ಸುತ್ತುತ್ತದೆ. ಕಾಗದದಲ್ಲಿ ಸುತ್ತಿ ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ.

ನಾಟಿ ಗದ್ದೆಯಿಂದ ಬಂದ ಕೂಡಲೇ ಒಳ ಉಡುಪು ಬದಲಿಸಿ ತೊಡೆಸಂದಿ ಒರೆಸಿಕೊಳ್ಳಿ. ತುರಿಕೆಯ ಜೊತೆ ಒಡೆದ ಮೊಸರಿನಂಥ ಬಿಳಿ ಸ್ರಾವ ಇದ್ದರೆ ಸಾಮಾನ್ಯವಾಗಿ ಅದು ಶಿಲೀಂಧ್ರದ ಸೋಂಕು, ಚಿಕಿತ್ಸೆಗೆ ಬಗ್ಗುತ್ತದೆ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ಅಡಗಿಸಿ ಕಜ್ಜಿಯನ್ನು ಇನ್ನಷ್ಟು ಹಬ್ಬಿಸುತ್ತದೆ.

ಹೊಟ್ಟೆನೋವಿಗೆ ಕಾರಣ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಗರ್ಭಕೋಶವನ್ನು ಹಿಂಡುವುದು ಅದೇ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಮಾತ್ರೆಗಳು ಅದರ ಉತ್ಪತ್ತಿಯನ್ನು ತಡೆಯುತ್ತವೆ. ಹಾಗಾಗಿ ನೋವು ಸಣ್ಣಗೆ ಶುರುವಾದಾಗಲೇ ತೆಗೆದುಕೊಂಡರೆ ಫಲ ಹೆಚ್ಚು, ಒದ್ದಾಡಿ ಒದ್ದಾಡಿ ಕೊನೆಗೆ ನುಂಗಿದರೆ ಕಡಿಮೆ. ಊಟದ ಮೇಲೆಯೇ ನುಂಗಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ ಇದ್ದವರು, ಗರ್ಭದ ಅನುಮಾನವಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಮ್ಮ ಸೀಮೆಗೆ ಇನ್ನೊಂದು ಎಚ್ಚರಿಕೆ ಬೇಕೇ ಬೇಕು: ಮುಟ್ಟಿನ ಜೊತೆ ಜ್ವರವೂ ಇದ್ದರೆ ಈ ಮಾತ್ರೆಗಳು ಬೇಡ. ಡೆಂಗಿ ಅಥವಾ ಮಂಗನ ಕಾಯಿಲೆಯ ಜ್ವರವಾಗಿದ್ದರೆ ಇವು ರಕ್ತಸ್ರಾವ ಹೆಚ್ಚಿಸಬಹುದು. ಪ್ಯಾರಾಸಿಟಮಾಲ್ ತೆಗೆದುಕೊಂಡು ರಕ್ತಪರೀಕ್ಷೆಗೆ ಹೋಗಿ.

ಶಾಖವೂ ಒಳ್ಳೆಯ ಮದ್ದೇ. ರಬ್ಬರ್ ಚೀಲಕ್ಕೆ ಮುಕ್ಕಾಲಿಗಿಂತ ಕಡಿಮೆ ಬಿಸಿನೀರು ತುಂಬಿ (ಕುದಿಯುವುದಲ್ಲ), ಗಾಳಿ ಹೊರದಬ್ಬಿ ಬಿರಡೆ ಹಾಕಿ, ಟವೆಲ್ ಸುತ್ತಿ ಕಿಬ್ಬೊಟ್ಟೆಯ ಮೇಲೆ 15-20 ನಿಮಿಷ ಇಡಿ. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುವವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿದರೂ ಸೊಂಟದ ಹಿಡಿತ ಸಡಿಲುತ್ತದೆ.

ಸ್ರಾವ ನಿಂತ ಮೇಲೆ ಕಳೆದುಕೊಂಡ ಕಬ್ಬಿಣಾಂಶ ತುಂಬಬೇಕು. ಬೆಲ್ಲ ತಿಂದರೆ ಸಾಕು ಎನ್ನುವುದು ಸುಳ್ಳು. ಹುರುಳಿ ಸಾರು, ಹರಿವೆ, ನುಗ್ಗೆಸೊಪ್ಪಿನ ಪಲ್ಯ, ತಿನ್ನುವವರಿಗೆ ಮೀನು, ಮಾಂಸ ಇರಲಿ. ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಿ. ಹುಳಿಯಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಕಾಫಿ, ಟೀ ಅದನ್ನು ತಡೆಯುತ್ತವೆ, ಊಟಕ್ಕೂ ಅವಕ್ಕೂ ಒಂದು ಗಂಟೆ ಅಂತರ ಇಡಿ. ಕಬ್ಬಿಣದ ಮಾತ್ರೆ ನುಂಗುವವರಿಗೆ ಮಲ ಕಪ್ಪಾದರೆ ಗಾಬರಿ ಬೇಡ.

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡಾಣು ಹೊರಬರುತ್ತದೆ. ಆಗ ಮೊಟ್ಟೆಯ ಬಿಳಿಯಂಥ, ಎಳೆದರೆ ನೂಲಾಗುವ ಸ್ರಾವ ಸಹಜ, ಅದಕ್ಕೆ ಔಷಧ ಬೇಡ. ಕೊನೆಯ ವಾರ ಮೈ ಊದಿದಂತಾಗಿ ಎದೆ ನೋಯುತ್ತದೆ, ಸಿಡುಕು ಬರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ, ಚುಕ್ಕೆ ನೋಡಿಕೊಂಡು ಬಟ್ಟೆ, ಮಾತ್ರೆ ಕೈಗೆಟುಕುವಲ್ಲಿಡಿ. ಪ್ರತಿ ತಿಂಗಳೂ ಬದುಕೇ ಬೇಡ ಅನ್ನಿಸುವಷ್ಟು ಮನಸ್ಸು ಕುಸಿದರೆ ಅದು ಚಿಕಿತ್ಸೆ ಇರುವ ಕಾಯಿಲೆ, ನಿಮ್ಮ ಸ್ವಭಾವದ ದೋಷವಲ್ಲ.

ಗಂಟೆಗೊಂದು ಪ್ಯಾಡ್ ತೊಯ್ದು ಹೋಗುವುದು, ಏಳು ದಿನ ಮೀರಿದ ಸ್ರಾವ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ರಕ್ತದ ಹೆಪ್ಪುಗಳು, ಮೂರು ತಿಂಗಳು ಮುಟ್ಟಾಗದಿರುವುದು, ನಡುವೆ ಕಾಣುವ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಕಾಣುವ ರಕ್ತ: ಇಷ್ಟರಲ್ಲಿ ಯಾವುದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಎಷ್ಟು ದಿನದಿಂದ, ಎಷ್ಟು ಪ್ಯಾಡ್ ಎಂದೇ ಮೊದಲು ಕೇಳುತ್ತಾರೆ. ಕ್ಯಾಲೆಂಡರಿನ ಹಾಳೆಯನ್ನೇ ಹರಿದು ಒಯ್ದರೂ ಆದೀತು.