ಕಾರಿನ ಅಡಿಯಲ್ಲಿ ‘ಟಕ್’ ಅಂದರೆ ಕ್ರಾಸ್ ನೋಡಿ

ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ಅಡಿಯಿಂದ ‘ಟಕ್’ ಅಂತ ಸದ್ದು. ರಿವರ್ಸ್ ಹಾಕಿದರೆ ಮತ್ತೊಂದು ‘ಟಕ್’. ಇಂಜಿನ್ ಮುಂದಿದ್ದು ಹಿಂದಿನ ಚಕ್ರಗಳನ್ನು ತಿರುಗಿಸುವ ಹಳೆಯ ಕಾರಿನಲ್ಲಿ ಈ ಸದ್ದು ಬಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಉದ್ದದ ಶಾಫ್ಟ್) ಯೂನಿವರ್ಸಲ್ ಜಾಯಿಂಟ್, ಅಂದರೆ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲು, ನೋಡಬೇಕು. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಬರೀ ‘ಕ್ರಾಸ್’. ನಿಧಾನವಾಗಿ ಹೋಗುವಾಗ ‘ಕಿಚ್ ಕಿಚ್’ ಅಂದರೆ ಒಳಗೆ ಗ್ರೀಸ್ ಒಣಗಿರಬಹುದು. ವೇಗ ಹೆಚ್ಚಿದಂತೆ ಕಾರಿನ ನೆಲ ನಡುಗಿದರೆ ಸವೆತ ಜಾಸ್ತಿ ಆಗಿರಬಹುದು. ಸುಮ್ನೆ ಬಿಡಬೇಡಿ. ಓಡುವಾಗಲೇ ಕ್ರಾಸ್ ಮುರಿದರೆ ಶಾಫ್ಟ್ ಕಳಚಿ ರಸ್ತೆಗೆ ಬಡಿಯುತ್ತದೆ, ಕಾರು ಕೈತಪ್ಪಬಹುದು.

ಕೂಡಿಸುವ ಗುರುತಿನಂಥ ಒಂದು ಉಕ್ಕಿನ ತುಂಡು, ಅದಕ್ಕೆ ನಾಲ್ಕು ಕಾಲು, ಪ್ರತಿ ಕಾಲಿಗೂ ಟೋಪಿಯ ಹಾಗೆ ಒಂದು ಕಪ್. ಕಪ್‌ನ ಒಳಗೋಡೆಗೆ ಸುತ್ತಲೂ ಸೂಜಿಯಂಥ ರೋಲರುಗಳು ಸಾಲಾಗಿ ನಿಂತಿರುತ್ತವೆ. ಇಷ್ಟೇ ಕ್ರಾಸ್. ಈ ಸೂಜಿಗಳು ಪೂರ್ತಿ ಸುತ್ತು ಹೊಡೆಯುವುದಿಲ್ಲ. ಇದ್ದಲ್ಲೇ ಸ್ವಲ್ಪ ಹಿಂದೆ ಮುಂದೆ ಹೊರಳುತ್ತವೆ. ಹಾಗಾಗಿ ಗ್ರೀಸ್ ಕಡಿಮೆಯಾದರೆ ಒಂದೇ ಜಾಗ ಸವೆದು ಕಾಲಿನ ಮೇಲೆ ಗೀರು ಗೀರಾಗಿ ಗುಂಡಿ ಬೀಳುತ್ತದೆ. ಹಾಗೆ ಗುಂಡಿ ಬಿದ್ದ ಕ್ರಾಸಿಗೆ ಎಷ್ಟು ಗ್ರೀಸ್ ತುಂಬಿದರೂ ಉಪಯೋಗವಿಲ್ಲ.

ಪರೀಕ್ಷೆ ಮಾಡಲು ಸಮತಟ್ಟಾದ ಜಾಗ ಬೇಕು. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಲೇಬಾರದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಡಿ. ಈಗ ಜಾಯಿಂಟಿನ ಆಚೆ ಒಂದು ಕೈ, ಈಚೆ ಒಂದು ಕೈ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುವಿ. ಎರಡರ ನಡುವೆ ಸಡಿಲ ಕೈಗೆ ಸಿಕ್ಕಿದರೆ ಕ್ರಾಸ್ ಹೋಗಿದೆ. ಶಾಫ್ಟ್ ಮತ್ತು ಯೋಕ್ (ಕ್ರಾಸಿನ ಕಪ್‌ಗಳನ್ನು ಹಿಡಿದಿರುವ ಎರಡು ಕಿವಿಯ ಕವಲು) ಎರಡೂ ಒಟ್ಟಿಗೆ ಸ್ವಲ್ಪ ಅಲ್ಲಾಡಿದರೆ ಅದು ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಗೇರುಗಳ ಸಡಿಲ, ಗಾಬರಿ ಬೇಡ. ಕಪ್‌ಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೂ ಬದಲಾಯಿಸುವ ಕಾಲ ಬಂದಿದೆ ಅಂತಲೇ ಲೆಕ್ಕ.

ಸಡಿಲ ಇಲ್ಲದಿದ್ದರೆ ಗ್ರೀಸ್ ಸಾಕು. ಗ್ರೀಸ್ ಗನ್ ಸೇರಿಸುವ ಸಣ್ಣ ಬಾಯಿ, ಅಂದರೆ ನಿಪ್ಪಲ್, ಮೊದಲು ಒರೆಸಿ, ಇಲ್ಲವಾದರೆ ಮಣ್ಣನ್ನೂ ಒಳಗೆ ತಳ್ಳಿದಂತಾಗುತ್ತದೆ. ನಾಲ್ಕೂ ಕಪ್‌ಗಳ ಸೀಲಿನಿಂದ ಹೊಸ ಗ್ರೀಸ್ ಇಣುಕುವ ತನಕ ನಿಧಾನವಾಗಿ ಒತ್ತಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಶಾಫ್ಟ್ ತಿರುಗಿಸಿ ಮತ್ತೆ ಒತ್ತಿ. ಆ ಒಂದು ಕಾಲೇ ಮುಂದೆ ಕೈಕೊಡುವುದು. ನಿಪ್ಪಲ್ ಇಲ್ಲದ ಸೀಲ್ಡ್ ಕ್ರಾಸಿಗೆ ಈ ಸೇವೆ ಇಲ್ಲ, ಸವೆದರೆ ಬದಲಾಯಿಸುವುದೇ.

ಬಿಚ್ಚುವ ಮೊದಲು ಗುರುತು

ಶಾಫ್ಟಿಗೂ ಡಿಫರೆನ್ಷಿಯಲ್ ಫ್ಲ್ಯಾಂಜಿಗೂ (ಶಾಫ್ಟನ್ನು ಬೋಲ್ಟಿನಿಂದ ಬಿಗಿಯುವ ತಟ್ಟೆ) ಸೇರಿಸಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಶಾಫ್ಟ್ ಎರಡು ತುಂಡಾಗಿ ಜಾರುವಂಥದ್ದಾದರೆ ಅಲ್ಲಿಗೂ ಒಂದು. ಇದು ಬರೀ ಶಿಸ್ತಿನ ಮಾತಲ್ಲ. ಓರೆಯಾಗಿ ನಿಂತ ಜಾಯಿಂಟ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಚುರುಕಾಗಿ, ಎರಡು ಸಲ ನಿಧಾನವಾಗುತ್ತದೆ. 17ನೇ ಶತಮಾನದಲ್ಲೇ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಈ ಏರುಪೇರನ್ನು ವಿವರಿಸಿದ್ದರು. ಶಾಫ್ಟ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಈ ಜಗ್ಗಾಟ 6,000 ಸಲ. ಮುಂದಿನ ಜಾಯಿಂಟ್ ಮಾಡಿದ್ದನ್ನು ಹಿಂದಿನದು ಸರಿದೂಗಿಸುತ್ತದೆ, ಆದರೆ ಎರಡೂ ಯೋಕ್‌ಗಳು ಒಂದೇ ಸಾಲಿನಲ್ಲಿದ್ದರೆ ಮಾತ್ರ. ಗುರುತು ತಪ್ಪಿದರೆ ಹೊಸ ಕ್ರಾಸ್ ಹಾಕಿದ ಮೇಲೂ ಕಾರು ನಡುಗುತ್ತದೆ.

ಫ್ಲ್ಯಾಂಜಿನ ಬೋಲ್ಟುಗಳನ್ನು ಬಿಚ್ಚಿ ಶಾಫ್ಟನ್ನು ಇಳಿಸಿ, ನೇತಾಡಲು ಬಿಡಬೇಡಿ. ಮುಂದಿನ ತುದಿ ಗೇರ್‌ಬಾಕ್ಸಿನಿಂದ ಜಾರಿ ಬರುವಂಥದ್ದಾದರೆ ಎಣ್ಣೆ ಸುರಿಯುತ್ತದೆ, ಪಾತ್ರೆ ಇಡಿ. ಕಪ್‌ಗಳು ಹೊರಬಾರದಂತೆ ತಡೆಯುವ ಸರ್ಕ್ಲಿಪ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಕ್ಲಿಪ್ ಚಿಮ್ಮುತ್ತದೆ. ಆಮೇಲೆ ಬೆಂಚ್ ವೈಸ್ (ಮೇಜಿಗೆ ಬಿಗಿದ ಇಕ್ಕಳ) ಮತ್ತು ಸ್ಪ್ಯಾನರ್ ಸೆಟ್ಟಿನ ಎರಡು ಸಾಕೆಟ್. ಒಂದು ಕಡೆ ಕಪ್‌ಗಿಂತ ಸ್ವಲ್ಪ ಸಣ್ಣದು, ಇನ್ನೊಂದು ಕಡೆ ಕಪ್ ಒಳಗೆ ಇಳಿಯುವಷ್ಟು ದೊಡ್ಡದು. ವೈಸ್ ಬಿಗಿದರೆ ಸಣ್ಣದು ಒತ್ತುತ್ತದೆ, ಆಚೆಯ ಕಪ್ ದೊಡ್ಡದರೊಳಗೆ ಬರುತ್ತದೆ. ಯೋಕ್‌ನ ಕಿವಿಗೆ ಸುತ್ತಿಗೆಯಿಂದ ಜೋರಾಗಿ ಹೊಡೆಯಬೇಡಿ. ಕಿವಿ ಬಗ್ಗಿದರೆ ಶಾಫ್ಟೇ ಹೋದಂತೆ.

ಸೂಜಿ ಬೀಳದಂತೆ

ತೂತುಗಳನ್ನು ಸ್ವಚ್ಛ ಮಾಡಿ ಹೊಸ ಕ್ರಾಸ್ ಇಡಿ. ನಿಪ್ಪಲ್‌ಗೆ ಮುಂದೆ ಗ್ರೀಸ್ ಗನ್ ತಲುಪುತ್ತದಾ ಅಂತ ಈಗಲೇ ನೋಡಿಕೊಳ್ಳಿ. ಕಪ್ ಒತ್ತುವಾಗ ಕ್ರಾಸಿನ ಕಾಲು ಸದಾ ಕಪ್‌ನ ಒಳಗಿರಬೇಕು, ಆಗ ಸೂಜಿಗಳು ನಿಂತಲ್ಲೇ ನಿಲ್ಲುತ್ತವೆ. ನಾನು ಮೊದಲ ಸಲ ಮಾಡಿದಾಗ ಕೊನೆಯ ಕಪ್ ಎರಡು ಮಿಲಿಮೀಟರ್ ಹೊರಗೇ ನಿಂತಿತು, ಕ್ಲಿಪ್ ಕೂರಲಿಲ್ಲ. ವೈಸ್ ಇನ್ನಷ್ಟು ಬಿಗಿದೆ. ಒಳಗೆ ಸಣ್ಣಗೆ ‘ಚಟ್’ ಅಂದಿತು. ಬಿಚ್ಚಿ ನೋಡಿದರೆ ಒಂದು ಸೂಜಿ ಕಪ್‌ನ ತಳದಲ್ಲಿ ಅಡ್ಡ ಬಿದ್ದು ಎರಡು ತುಂಡಾಗಿತ್ತು. ಹೊಸ ಕಿಟ್ ಪೂರ್ತಿ ಹೋಯಿತು. ಕಪ್ ಕೂರದಿದ್ದರೆ ಬಲ ಹಾಕಬೇಡಿ. ಹೊರಗೆ ತೆಗೆದು, ಬಿದ್ದ ಸೂಜಿಯನ್ನು ಗ್ರೀಸ್ ಹಚ್ಚಿ ನಿಲ್ಲಿಸಿ, ಮತ್ತೆ ಶುರು ಮಾಡಿ.

ಕ್ಲಿಪ್‌ಗಳು ತಮ್ಮ ತೋಡಿನೊಳಗೆ ಪೂರ್ತಿ ಕೂತ ಮೇಲೆ ಜಾಯಿಂಟನ್ನು ಎಲ್ಲ ಕಡೆ ಬಾಗಿಸಿ ನೋಡಿ. ಬಿಗಿ ಅನ್ನಿಸಿದರೆ ಯೋಕ್‌ಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಪ್‌ಗಳು ಹೊರಗೆ ಸರಿದು ಕ್ಲಿಪ್‌ಗೆ ತಾಗುತ್ತವೆ. ಎಲ್ಲೂ ತಡೆಯದೆ ಬಾಗಬೇಕು, ಸಡಿಲವೂ ಇರಬಾರದು. ಆಮೇಲೆ ಗುರುತಿಗೆ ಗುರುತು ಸೇರಿಸಿ ಶಾಫ್ಟ್ ಏರಿಸಿ. ಬೋಲ್ಟುಗಳನ್ನು ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ಗ್ರೀಸ್ ತುಂಬಿ, ಸುರಿದ ಗೇರ್ ಎಣ್ಣೆಯನ್ನು ಮಟ್ಟಕ್ಕೆ ತನ್ನಿ. ಒಂದೆರಡು ದಿನ ಓಡಿಸಿದ ಮೇಲೆ ಆ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.