ರಿಸಲ್ಟ್ ನೋಡಿ ಟೀಚರನ್ನು ಅಳೆಯುವ ಮೊದಲು

ಇಪ್ಪತ್ತು ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಶೇಕಡಾ 5. ಇದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಆಮೇಲೆ ಶಾಲಾ ಸಮಿತಿಯ ರಿಸಲ್ಟ್ ಮೀಟಿಂಗಿಗೆ ಹೋಗಿ.

ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯ ಸಮಿತಿಯಲ್ಲಿ ನಾನು ಎಂಟು ವರ್ಷ ಇದ್ದೆ. ಒಂದು ವರ್ಷ ಹತ್ತನೇ ತರಗತಿಯ 20 ಮಕ್ಕಳಲ್ಲಿ 19 ಮಂದಿ ಪಾಸಾದರು, ಶೇಕಡಾ 95. ಮರುವರ್ಷ 20ರಲ್ಲಿ 16, ಶೇಕಡಾ 80. ಮೀಟಿಂಗಿನಲ್ಲಿ ಗಣಿತದ ಟೀಚರನ್ನು ಎದ್ದು ನಿಲ್ಲಿಸಿ, "ಹದಿನೈದು ಪರ್ಸೆಂಟ್ ಎಲ್ಲಿ ಹೋಯ್ತು ಮೇಡಂ?" ಎಂದು ಕೇಳಿದರು. ಹದಿನೈದು ಪರ್ಸೆಂಟ್ ಎಂದರೆ ಮೂರು ಮಕ್ಕಳು ಅಲ್ವಾ? ಒಬ್ಬನ ಮನೆಯವರು ಕಟ್ಟಡದ ಕೆಲಸ ಹುಡುಕಿಕೊಂಡು ಯಾದಗಿರಿ ಕಡೆಯಿಂದ ಆಗಸ್ಟಿನಲ್ಲಿ ಬಂದವರು, ಅವನು ಶಾಲೆಗೆ ಸೇರಿದ್ದೇ ಗಣೇಶನ ಹಬ್ಬ ಮುಗಿದ ಮೇಲೆ. ಇನ್ನೊಬ್ಬನ ಅಪ್ಪ ತೀರಿಕೊಂಡು, ಹುಡುಗ ಸಂಜೆ ಐದರಿಂದ ರಾತ್ರಿ ಹನ್ನೊಂದರ ತನಕ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ. ಮೂರನೆಯವಳಿಗೆ ನಿಜಕ್ಕೂ ಗಣಿತ ಬರುತ್ತಿರಲಿಲ್ಲ. ಕೇಳಬೇಕಿದ್ದ ಪ್ರಶ್ನೆ ಅವಳದು, ಅದನ್ನು ಯಾರೂ ಕೇಳಲಿಲ್ಲ. ಟೀಚರ್ ಆ ವರ್ಷವೇ ಕೆಲಸ ಬಿಟ್ಟರು. ನಾನೂ ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಹಾಗಂತ ಮಾರ್ಕ್ಸ್ ನೋಡಲೇಬಾರದು ಎಂದು ನಾನು ಹೇಳುವುದಿಲ್ಲ. ಐದನೇ ತರಗತಿಗೆ ಬಂದರೂ ಒಂದು ಸಾಲು ಓದಲು ಬಾರದ ಮಗು ಇದ್ದರೆ, ಅದು ಶಾಲೆಯ ಲೆಕ್ಕಕ್ಕೇ ಬರಬೇಕು. "ಮಕ್ಕಳ ಮನೆ ಪರಿಸ್ಥಿತಿ ಹಾಗಿದೆ" ಎಂದು ಕೈ ತೊಳೆದುಕೊಂಡರೆ ಮೋಸ ಹೋಗುವುದು ಆ ಮಗುವೇ. ನೋಡಬೇಕು, ಆದರೆ ಮಗು ಎಲ್ಲಿಂದ ಹೊರಟಿತು ಎಂಬುದನ್ನೂ ನೋಡಬೇಕು. ಅದಿಲ್ಲದೆ ಎಲ್ಲಿ ತಲುಪಿತು ಎಂದು ನೋಡಿದರೆ ಟೀಚರ್ ಬಗ್ಗೆ ಏನೂ ತಿಳಿಯುವುದಿಲ್ಲ.

ಅದಕ್ಕೆ ಕೆಲಸ ಶುರುವಾಗಬೇಕಾದದ್ದು ಜೂನ್‌ನಲ್ಲಿ. ಶಾಲೆ ತೆರೆದ ಮೊದಲ ಎರಡು ವಾರದಲ್ಲಿ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿ. ಇದಕ್ಕೆ ದುಡ್ಡು ಕೊಟ್ಟು ಪರೀಕ್ಷೆ ತರಿಸುವ ಅಗತ್ಯವಿಲ್ಲ. ನಮ್ಮ ಮುಂಬಯಿಯ ಕೊಳೆಗೇರಿಗಳಲ್ಲೇ 1990ರ ದಶಕದಲ್ಲಿ ಶುರುವಾದ ಪ್ರಥಮ್ ಸಂಸ್ಥೆ 2005ರಿಂದ ಅಸರ್ ಎಂಬ ಸಮೀಕ್ಷೆ ನಡೆಸುತ್ತಿದೆ. ಅದರ ವಿಧಾನ ಬಹಳ ಸರಳ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಮಗು ಯಾವ ಮೆಟ್ಟಿಲಿನವರೆಗೆ ಸಲೀಸಾಗಿ ಹತ್ತುತ್ತದೋ ಅದೇ ಅದರ ಮಟ್ಟ. ಲೆಕ್ಕದಲ್ಲೂ ಹಾಗೆಯೇ: ಒಂದಂಕಿ ಗುರುತಿಸುವುದು, ಎರಡಂಕಿ ಗುರುತಿಸುವುದು, ಸಾಲ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಂದು ಮಗುವಿಗೆ ಐದಾರು ನಿಮಿಷ ಸಾಕು. ಉಳಿದ ಮಕ್ಕಳ ಎದುರಿಗೆ ಮಾಡಬೇಡಿ, ವರಾಂಡದಲ್ಲಿ ಒಂದು ಬೆಂಚು ಹಾಕಿಕೊಳ್ಳಿ. ಮತ್ತೆ, ಆ ತರಗತಿಯ ಟೀಚರೇ ಓದಿಸಬಾರದು, ಪಕ್ಕದ ತರಗತಿಯವರು ಓದಿಸಲಿ. ಅನುಮಾನದ ಮೇಲಲ್ಲ, ನಾಳೆ ಅವರ ಮೇಲೆ ಯಾರೂ ಬೆರಳು ತೋರಿಸಬಾರದು ಎಂದು.

ಒಬ್ಬ ನಾಲ್ಕನೇ ತರಗತಿ ಹುಡುಗಿ 52ರಲ್ಲಿ 17 ಕಳೆದು 45 ಎಂದು ಬರೆದಳು. ಹೇಗೆ ಮಾಡಿದೆ ಪುಟ್ಟಿ ಎಂದು ಕೇಳಿದೆ. "ಐದರಲ್ಲಿ ಒಂದು ಹೋದ್ರೆ ನಾಲ್ಕು, ಏಳರಲ್ಲಿ ಎರಡು ಹೋದ್ರೆ ಐದು" ಅಂದಳು. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಟ್ಟಿದ್ದಾಳೆ. ಪರೀಕ್ಷೆಯಲ್ಲಿ ಇದಕ್ಕೆ ಸೊನ್ನೆ. ಆದರೆ ಅವಳಿಗೆ ಕಳೆಯುವುದು ಬರುತ್ತದೆ, ಹತ್ತನ್ನು ಬಿಡಿಸುವುದು ಮಾತ್ರ ಬರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಬರೆಯಬೇಕಾದದ್ದು ಈ ಮಾತು. "ಗಣಿತ: 28/100" ಎಂದು ಬರೆದರೆ ಮಾರ್ಚಿನಲ್ಲಿ ಅದನ್ನು ನೋಡಿ ನೀವಾಗಲಿ ಟೀಚರಾಗಲಿ ಏನು ಮಾಡಲು ಸಾಧ್ಯ?

ಇದಕ್ಕಾಗಿ ಒಂದು ಉದ್ದನೆಯ ನೋಟ್‌ಬುಕ್ ಇಡಿ. ಹೆಸರು, ಮನೆಯಲ್ಲಿ ಆಡುವ ಮಾತು, ಶಾಲೆಗೆ ಸೇರಿದ ತಿಂಗಳು, ಜೂನ್‌ನ ಮಟ್ಟ, ದೀಪಾವಳಿ ರಜೆ ಮುಗಿದ ಮೇಲಿನ ಮಟ್ಟ, ಮಾರ್ಚಿನ ಮಟ್ಟ, ಹಾಜರಾದ ದಿನ. ಏಳು ಕಾಲಂ, ಅಷ್ಟೇ. ಮನೆಮಾತಿನ ಕಾಲಂ ಯಾಕೆ ಎಂದು ಕೇಳಬೇಡಿ, ಅದನ್ನು ಬಿಟ್ಟರೆ ನಮ್ಮ ಕಡೆಯ ಶಾಲೆಗಳ ಲೆಕ್ಕ ಪೂರ್ತಿ ತಪ್ಪುತ್ತದೆ. ಮನೆಯಲ್ಲಿ ತುಳು ಅಥವಾ ಲಂಬಾಣಿ, ಗಲ್ಲಿಯಲ್ಲಿ ಹಿಂದಿ, ಮರಾಠಿ, ಶಾಲೆಯಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪುಸ್ತಕ. "ತ್ರಿಜ್ಯ", "ವ್ಯಾಸ" ಎಂಬ ಪದಗಳನ್ನು ಆ ಮಗು ಪುಸ್ತಕದ ಹೊರಗೆ ಎಲ್ಲೂ ಕೇಳಿರುವುದಿಲ್ಲ. ಲೆಕ್ಕ ತಪ್ಪಿದಾಗ ಗಣಿತ ಬರಲಿಲ್ಲವೋ ಪ್ರಶ್ನೆ ಅರ್ಥವಾಗಲಿಲ್ಲವೋ ಎಂದು ತಿಳಿಯಲು ಸುಲಭ ಉಪಾಯವಿದೆ. ಅದೇ ಪ್ರಶ್ನೆಯನ್ನು ನೀವೇ ಓದಿ ಹೇಳಿ, ಬೇಕಾದರೆ ಅವರ ಮಾತಿನಲ್ಲಿ. ಈಗ ಸರಿ ಉತ್ತರ ಬಂದರೆ ತೊಂದರೆ ಇರುವುದು ಓದಿನಲ್ಲಿ, ಗಣಿತದ ಟೀಚರಲ್ಲಿ ಅಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ಒಂದು ಅಧ್ಯಯನ ಬಂತು: ವ್ಯಾಪಾರದಲ್ಲಿ ಬಾಯಿಲೆಕ್ಕ ಚಕಚಕ ಮಾಡುವ ಮಕ್ಕಳು ಶಾಲೆಯ ಲೆಕ್ಕದಲ್ಲಿ ತಡವರಿಸುತ್ತಾರೆ, ಶಾಲೆಯ ಲೆಕ್ಕ ಬರುವವರು ವ್ಯಾಪಾರದ ಲೆಕ್ಕದಲ್ಲಿ ತಡವರಿಸುತ್ತಾರೆ. ನಮ್ಮ ಹೋಟೆಲ್ ಹುಡುಗನನ್ನು ನೆನೆದರೆ ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಗಲ್ಲೆಯಲ್ಲಿ ಅವನು ಚಿಲ್ಲರೆ ತಪ್ಪಿದ್ದೇ ಇಲ್ಲ.

ಈಗ ಹತ್ತನೇ ತರಗತಿಗೆ ಬರೋಣ. ಯಾವುದಾದರೂ ಶಾಲೆ "ನಮ್ಮದು ನೂರಕ್ಕೆ ನೂರು" ಎಂದು ಬ್ಯಾನರ್ ಹಾಕಿದರೆ, ಆ ಮಕ್ಕಳು ಎಂಟನೇ ತರಗತಿಯಲ್ಲಿದ್ದಾಗಿನ ಹಾಜರಿ ಪುಸ್ತಕ ತೆಗೆಸಿ. ಹೆಸರುಗಳನ್ನು ಒಂದೊಂದಾಗಿ ಟಿಕ್ ಮಾಡುತ್ತಾ ಬನ್ನಿ. ಎಂಟರಲ್ಲಿ 31 ಮಕ್ಕಳಿದ್ದು ಹತ್ತರ ಪರೀಕ್ಷೆಗೆ 22 ಕೂತಿದ್ದರೆ, ಉಳಿದ 9 ಮಂದಿ ಎಲ್ಲಿ? ಕೆಲವರು ಊರಿಗೆ ಹೋಗಿರುತ್ತಾರೆ, ಕೆಲವರು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿರುತ್ತಾರೆ. ಇನ್ನು ಕೆಲವರಿಗೆ ಒಂಬತ್ತನೇ ತರಗತಿ ಮುಗಿಯುವಾಗ "17 ನಂಬರ್ ಫಾರ್ಮ್ ತುಂಬಿ ಹೊರಗಿನಿಂದ ಕಟ್ಟು" ಎಂದು ಹೇಳಿರುತ್ತಾರೆ. ಮಹಾರಾಷ್ಟ್ರದಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟುವವರ ಫಾರ್ಮ್ ಅದು. ಅವರ ಫಲಿತಾಂಶವನ್ನು ಬೋರ್ಡ್ ಬೇರೆಯಾಗಿಯೇ ಹೇಳುತ್ತದೆ, ಶಾಲೆಯ ಪರ್ಸೆಂಟಿಗೆ ಅದು ಸೇರುವುದಿಲ್ಲ. ಆ ಫಾರ್ಮಿನಿಂದ ಓದು ಮುಂದುವರಿಸಿದ ಎಷ್ಟೋ ಮಕ್ಕಳಿದ್ದಾರೆ, ಫಾರ್ಮ್ ಒಳ್ಳೆಯದೇ. ಆದರೆ ಕಲಿಸಬೇಕಾದ ಮಗುವನ್ನು ಬ್ಯಾನರಿಗೋಸ್ಕರ ಹೊರಗೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. 31ರಲ್ಲಿ ಎಷ್ಟು ಮಕ್ಕಳು ಶಾಲೆಯ ಒಳಗಿದ್ದೇ ಪಾಸಾದರು, ಆ ಸಂಖ್ಯೆಯನ್ನು ನೋಡಿ.

ಹೋದ ವರ್ಷಕ್ಕೂ ಈ ವರ್ಷಕ್ಕೂ ನೇರವಾಗಿ ಹೋಲಿಸುವುದು ಇನ್ನೊಂದು ದೊಡ್ಡ ತಪ್ಪು. ಮಹಾರಾಷ್ಟ್ರ ಬೋರ್ಡಿನ ಹತ್ತನೇ ತರಗತಿಯ ಒಟ್ಟು ಫಲಿತಾಂಶ ನೋಡಿ: 2018ರಲ್ಲಿ ಶೇಕಡಾ 89.41, 2019ರಲ್ಲಿ 77.10, 2020ರಲ್ಲಿ 95.30, 2021ರಲ್ಲಿ 99.95. ಇಡೀ ರಾಜ್ಯದ ಟೀಚರುಗಳು ಒಂದು ವರ್ಷ ಕೆಟ್ಟು ಮರುವರ್ಷ ಸುಧಾರಿಸಿದರು ಎಂದು ಹೇಳಲು ಆಗುವುದಿಲ್ಲ ಅಲ್ವಾ? 2019ರಲ್ಲಿ ಭಾಷೆ ಮತ್ತು ಸಮಾಜ ವಿಷಯಗಳಿಗೆ ಶಾಲೆಯೇ ಕೊಡುತ್ತಿದ್ದ 20 ಮಾರ್ಕ್ಸ್ ತೆಗೆದುಹಾಕಿದ್ದರು, ಪಠ್ಯವೂ ಹೊಸದು. ಮುಂದಿನ ವರ್ಷ ಆ 20 ಮಾರ್ಕ್ಸ್ ವಾಪಸ್ ಬಂತು. 2021ರಲ್ಲಿ ಕೋವಿಡ್‌ನಿಂದಾಗಿ ಪರೀಕ್ಷೆಯೇ ನಡೆಯಲಿಲ್ಲ. ಹಾಗಾಗಿ ನಿಮ್ಮ ಶಾಲೆಯ ಅಂಕಿಯ ಪಕ್ಕದಲ್ಲಿ ಅದೇ ವರ್ಷದ ಮುಂಬಯಿ ವಿಭಾಗದ ಅಂಕಿ ಬರೆಯಿರಿ, ಎರಡರ ನಡುವಿನ ಅಂತರ ನೋಡಿ. ಮಕ್ಕಳು ಕಡಿಮೆ ಇದ್ದರೆ ಮೂರು ವರ್ಷದ್ದನ್ನು ಕೂಡಿಸಿ ಒಟ್ಟಿಗೆ ನೋಡಿ. 60 ಮಕ್ಕಳ ಲೆಕ್ಕದಲ್ಲಿ ಒಂದು ಮಗು ಅಂದಾಜು ಒಂದೂಮುಕ್ಕಾಲು ಪರ್ಸೆಂಟಿಗೆ ಇಳಿಯುತ್ತದೆ, ಆಗ ಏರಿಳಿತಕ್ಕೆ ಸ್ವಲ್ಪ ಅರ್ಥ ಬರುತ್ತದೆ.

ಇಬ್ಬರು ಟೀಚರುಗಳನ್ನು ಹೋಲಿಸಲೇಬೇಕು ಎಂದಾದರೆ ಹೇಗೆ? ಒಂದು ಉದಾಹರಣೆ ಮಾಡಿಕೊಳ್ಳೋಣ. ಐದನೇ ಎ ವಿಭಾಗದ ಸರಾಸರಿ ಜೂನ್‌ನಲ್ಲಿ 64, ಮಾರ್ಚಿನಲ್ಲಿ 68. ಬಿ ವಿಭಾಗದ್ದು ಜೂನ್‌ನಲ್ಲಿ 31, ಮಾರ್ಚಿನಲ್ಲಿ 49. ಬ್ಯಾನರಿನ ಕಣ್ಣಿಗೆ ಎ ಟೀಚರ್ ಮೇಲು. ಗಳಿಕೆ ನೋಡಿದರೆ ಬಿ ಟೀಚರ್ 18 ಮಾರ್ಕ್ಸ್ ಏರಿಸಿದ್ದಾರೆ, ಎ ಟೀಚರ್ ಬರೀ 4. ಇಲ್ಲಿಗೇ ನಿಲ್ಲಿಸಿದರೆ ಎ ಟೀಚರಿಗೆ ಅನ್ಯಾಯವಾಗುತ್ತದೆ. ಜೂನ್‌ನಲ್ಲಿ ತೀರಾ ಕೆಳಗಿದ್ದವರಲ್ಲಿ ಕೆಲವರು ಆ ದಿನ ಜ್ವರ ಬಂದೋ ಹೆದರಿಯೋ ಕಡಿಮೆ ತೆಗೆದಿರುತ್ತಾರೆ, ಅವರು ಹೇಗಿದ್ದರೂ ಏರುತ್ತಾರೆ. ಆಗಲೇ 90 ತೆಗೆದವರಿಗೆ ಏರಲು ಜಾಗವೇ ಇರುವುದಿಲ್ಲ. ಅದಕ್ಕೆ ಎರಡೂ ವಿಭಾಗಗಳಿಂದ ಜೂನ್‌ನಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದ ಮಕ್ಕಳನ್ನು ಆರಿಸಿ, ಅವರು ಮಾತ್ರ ಎಲ್ಲಿಗೆ ತಲುಪಿದರು ಎಂದು ನೋಡಿ. ಎರಡೂ ಸಲ ಪ್ರಶ್ನೆಗಳು ಒಂದೇ ಹದದಲ್ಲಿರಬೇಕು. ವರ್ಷದಲ್ಲಿ ಎಪ್ಪತ್ತು ದಿನವಾದರೂ ಶಾಲೆಗೆ ಬಾರದ ಮಗುವಿನ ಲೆಕ್ಕವನ್ನು ಬೇರೆ ಇಡಿ, ಅಳಿಸಬೇಡಿ, ಬೇರೆ ಇಡಿ, ಯಾಕೆಂದರೆ ಅದು ಶಾಲೆಯ ಪ್ರಶ್ನೆ, ಟೀಚರ್ ಒಬ್ಬರದ್ದಲ್ಲ.

ಇಷ್ಟು ಮಾಡಿದರೂ ಟೀಚರಿಗೆ ನಂಬರ್ ಕೊಡುವ ಧೈರ್ಯ ಮಾಡಬೇಡಿ. ಅಮೆರಿಕದಲ್ಲಿ ಇದನ್ನು ದೊಡ್ಡ ಲೆಕ್ಕಾಚಾರ ಹಾಕಿ ಮಾಡಿದ್ದರು. 2014ರಲ್ಲಿ ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘವೇ ಎಚ್ಚರಿಕೆ ಕೊಟ್ಟಿತು: ಮಕ್ಕಳ ಮಾರ್ಕ್ಸ್‌ನಲ್ಲಿ ಕಾಣುವ ವ್ಯತ್ಯಾಸದಲ್ಲಿ ಟೀಚರಿಂದ ಬರುವ ಪಾಲು ಶೇಕಡಾ 1ರಿಂದ 14ರಷ್ಟು ಎಂದು ಹೆಚ್ಚಿನ ಅಧ್ಯಯನಗಳು ಹೇಳುತ್ತವೆ. ಟೀಚರ್ ಮುಖ್ಯ ಅಲ್ಲ ಎಂದು ಇದರ ಅರ್ಥವಲ್ಲ. ಒಂದು ತರಗತಿಯ ಒಂದು ವರ್ಷದ ಮಾರ್ಕ್ಸ್ ನೋಡಿ ಆ ಪಾಲನ್ನು ಬಿಡಿಸಿ ತೆಗೆಯುವುದು ಕಷ್ಟ. ಚುನಾವಣೆ ಡ್ಯೂಟಿ, ಜನಗಣತಿ, ಒಬ್ಬರೇ ಎರಡು ತರಗತಿ ನೋಡಿಕೊಳ್ಳುವುದು, ಇವೆಲ್ಲ ಆ ಉಳಿದ ಪಾಲಿನಲ್ಲಿ ಸೇರಿವೆ. ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಟೀಚರ್ ತರಗತಿಯಲ್ಲಿ ಇರಲಾಗದ ದಿನಗಳನ್ನೂ ಕಾರಣದ ಜೊತೆ ಬರೆದಿಡಿ.

ಸಂಬಳ, ಕೆಲಸ ಎಲ್ಲವನ್ನೂ ಮಾರ್ಕ್ಸ್‌ಗೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಟ್ಲಾಂಟಾ ನಗರದ ಕಥೆ ಸಾಕು. ಅಲ್ಲಿ 44 ಶಾಲೆಗಳಲ್ಲಿ ಮಕ್ಕಳ ಉತ್ತರಗಳನ್ನೇ ತಿದ್ದಿದ್ದರು. 2011ರ ತನಿಖಾ ವರದಿಯಲ್ಲಿ 178 ಶಿಕ್ಷಕರು, ಮುಖ್ಯಸ್ಥರ ಹೆಸರು ಬಂತು. ಆದರೆ ಬಹುಮಾನದಿಂದ ಉಪಯೋಗವೇ ಇಲ್ಲ ಎಂದೂ ಹೇಳಲಾಗದು. ಆಂಧ್ರದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ 2005ರಿಂದ ನಡೆದ ಪ್ರಯೋಗದಲ್ಲಿ, ಮಕ್ಕಳ ಪ್ರಗತಿ ನೋಡಿ ಟೀಚರುಗಳಿಗೆ ಬೋನಸ್ ಕೊಟ್ಟಾಗ ಗಣಿತ, ಭಾಷೆ ಎರಡರಲ್ಲೂ ಕಲಿಕೆ ಹೆಚ್ಚಿತು. ಅಲ್ಲಿ ಲೆಕ್ಕ ಹಾಕಿದ್ದು ಏರಿಕೆಯನ್ನು, ಪರೀಕ್ಷೆ ಮಾಡಿದ್ದು ಹೊರಗಿನವರು, ಮತ್ತು ಯಾರ ಸಂಬಳವನ್ನೂ ಕತ್ತರಿಸಲಿಲ್ಲ. ಈ ಮೂರೂ ಇಲ್ಲದ ಸಮಿತಿ ಬೋನಸ್ ವಿಚಾರಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಇನ್ನು ಯೋಜನೆಗಳು. ದಾನಿಯೊಬ್ಬರು ಟ್ಯಾಬ್ ಕೊಡುತ್ತಾರೆ, ಸಂಘದವರು ಸಂಜೆ ಕ್ಲಾಸ್ ನಡೆಸುತ್ತಾರೆ, ವರ್ಷದ ಕೊನೆಗೆ "ಸೇರಿದ ಮಕ್ಕಳೆಲ್ಲ ಸುಧಾರಿಸಿದ್ದಾರೆ" ಎಂದು ಸನ್ಮಾನ ಮಾಡುತ್ತೇವೆ. ಸೇರದ ಮಕ್ಕಳೂ ಅಷ್ಟೇ ಸುಧಾರಿಸಿದ್ದರೆ? ಸಂಜೆ ಕ್ಲಾಸಿಗೆ ತಾವಾಗಿ ಬರುವವರು ಮೊದಲೇ ಆಸಕ್ತಿ ಇದ್ದವರು. ಸರಿಯಾಗಿ ನೋಡುವ ದಾರಿ ನಮ್ಮ ಮುಂಬಯಿಯ ಪಾಲಿಕೆ ಶಾಲೆಗಳಲ್ಲೇ ಇದೆ. 2001ರಿಂದ 2003ರ ನಡುವೆ ಇಲ್ಲಿ ಮತ್ತು ವಡೋದರಾದಲ್ಲಿ ಬಾಲಸಖಿ ಎಂಬ ಯೋಜನೆಯನ್ನು ಪರೀಕ್ಷಿಸಿದರು. ಅದೇ ಬಸ್ತಿಯ ಯುವತಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಓದು ಮತ್ತು ಲೆಕ್ಕ ಕಲಿಸುವುದು. ಯಾವ ಶಾಲೆಯ ಯಾವ ತರಗತಿಗೆ ಬಾಲಸಖಿ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು, ಆದ್ದರಿಂದ ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸಲು ಆಯಿತು. ಲಾಭ ಜಾಸ್ತಿ ಆದದ್ದು ತೀರಾ ಹಿಂದಿದ್ದ ಮಕ್ಕಳಿಗೆ. ಆದರೆ ಯೋಜನೆ ನಿಂತು ಒಂದು ವರ್ಷವಾದ ಮೇಲೆ ಮತ್ತೆ ನೋಡಿದಾಗ ಗಳಿಕೆಯ ಬಹುಪಾಲು ಕರಗಿತ್ತು. ನೀವೂ ಹಾಗೆ ಮಾಡಬಹುದು. ಟ್ಯಾಬ್ 15 ಇದ್ದು ಮಕ್ಕಳು 40 ಇದ್ದರೆ ಹೆಸರಿನ ಚೀಟಿ ಹಾಕಿ, ಈ ವರ್ಷ ಯಾರಿಗೆ, ಮುಂದಿನ ವರ್ಷ ಯಾರಿಗೆ ಎಂದು ಎತ್ತಿ. ಹೇಗೂ ಎಲ್ಲರಿಗೂ ಒಟ್ಟಿಗೆ ಸಿಗುವುದಿಲ್ಲ, ಪಾಲಕರಿಗೂ ಇದು ನ್ಯಾಯ ಎನಿಸುತ್ತದೆ. ಮಕ್ಕಳ ಸಂಖ್ಯೆ ಕಡಿಮೆ, ಆದ್ದರಿಂದ ಸಣ್ಣ ವ್ಯತ್ಯಾಸ ಕಂಡರೆ ನಂಬಬೇಡಿ. ಯೋಜನೆ ಮುಗಿದ ಮರುವರ್ಷವೂ ಓದಿಸಿ ನೋಡುವುದನ್ನು ಮಾತ್ರ ಮರೆಯಬೇಡಿ.

ಕೊನೆಗೆ ಮೀಟಿಂಗ್. ಟೀಚರ್ ಜೊತೆ ಮೊದಲು ಒಬ್ಬರೋ ಇಬ್ಬರೋ ಕೂತು ಮಾತಾಡಿ, ಇಡೀ ಸಮಿತಿಯ ಎದುರಿಗೆ ಬೇಡ. ನೋಟ್‌ಬುಕ್ ಮೇಜಿನ ಮೇಲೆ ಬಿಚ್ಚಿಡಿ. ಪರ್ಸೆಂಟ್ ತೆಗೆಯಬೇಡಿ, ಹೆಸರು ತೆಗೆಯಿರಿ. "ಈ ಆರು ಮಕ್ಕಳು ಜೂನ್‌ನಲ್ಲಿ ಅಕ್ಷರದಲ್ಲಿದ್ದರು, ಈಗ ನಾಲ್ಕು ಮಂದಿ ಕಥೆ ಓದುತ್ತಿದ್ದಾರೆ, ಹೇಗೆ ಮಾಡಿದಿರಿ ಮೇಡಂ?" ಎಂದು ಶುರು ಮಾಡಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ, ಪಕ್ಕದ ತರಗತಿಯವರಿಗೆ ಅದು ಬೇಕಾಗುತ್ತದೆ. ಆಮೇಲೆ ಉಳಿದ ಇಬ್ಬರ ಬಗ್ಗೆ ಕೇಳಿ. ಎಲ್ಲ ಟೀಚರುಗಳ ತರಗತಿಯಲ್ಲೂ ಮಕ್ಕಳು ಏರುತ್ತಿದ್ದು ಒಬ್ಬರ ತರಗತಿಯಲ್ಲಿ ಮಾತ್ರ ಮೂರು ವರ್ಷದಿಂದ ಯಾರೂ ಕದಲದಿದ್ದರೆ, ಅದನ್ನೂ ನೇರವಾಗಿ ಹೇಳಲೇಬೇಕು. ಹೇಳುವ ಮೊದಲು ಅವರ ತರಗತಿಯಲ್ಲಿ ಎರಡು ಮೂರು ಸಲ ಹಿಂದಿನ ಬೆಂಚಿನಲ್ಲಿ ಕೂತು ಬಂದಿರಿ. 52ರಲ್ಲಿ 17 ಕಳೆಯುವಾಗ 45 ಎಂದು ಬರೆದ ಮಗುವಿನ ಪಕ್ಕ ಅವರು ನಿಲ್ಲುತ್ತಾರೋ, ಕೆಂಪು ಗೆರೆ ಎಳೆದು ಮುಂದಿನ ಬೆಂಚಿಗೆ ಹೋಗುತ್ತಾರೋ, ಅದು ನಿಮಗೆ ಅಲ್ಲಿ ಕಾಣುತ್ತದೆ.